ಬಾಯಿಗೆ ಬರಬಾರದ ಪಲ್ಲವಿ

ಹಾಡುಗಾರರಿಗೆ ಈ ಲೋಕದಲ್ಲಿ ನಾನಾ ನಮೂನೆಯ ಕಷ್ಟಗಳಿವೆ. ಗಂಟಲು ಕಟ್ಟುತ್ತದೆ, ಗಿಟಾರಿನ ತಂತಿ ಹರಿಯುತ್ತದೆ, ಸರಿಯಾಗಿ ಪಲ್ಲವಿಗೆ ಬರುವಾಗ ಕರೆಂಟು ಹೋಗುತ್ತದೆ. ಆದರೆ ತಾನೇ ಕಟ್ಟಿ, ತಾನೇ ಹಾಡಿ, ತಾನೇ ರೆಕಾರ್ಡು ಮಾಡಿಸಿದ ಹಾಡಿನ ಹೆಸರನ್ನು ಸ್ವಂತ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಹಾಡುಗಾರ ತಾಮ್ರದ ಗಣಿಗಳ ಈ ಇಡೀ ಕಿಟ್ವೆ ಪಟ್ಟಣದಲ್ಲಿ ನಾನೊಬ್ಬನೇ. ನಿಮಗೂ ಹೇಳುವುದಿಲ್ಲ. ದಯವಿಟ್ಟು ಕೇಳಬೇಡಿ. (ಅವರು ಹಿಂದಿನ ಕೋಣೆಯಲ್ಲೇ ಇದ್ದಾರೆ.)

'ಅವರು' ಎಂದರೆ ನನ್ನ ಹೆಂಡತಿಯ ತಾಯಿ, ನನ್ನ ಪರಮಪೂಜ್ಯ ಅತ್ತೆಯವರು. ನಮ್ಮ ಬೆಂಬಾ ಜನರಲ್ಲಿ ಅಳಿಯನಾದವನು ಅತ್ತೆಯ ಹೆಸರನ್ನು ಎತ್ತುವಂತಿಲ್ಲ. ಎತ್ತಿದರೆ ಅತ್ತೆ ಗಂಟುಮೂಟೆ ಕಟ್ಟುತ್ತಾರೆ, ಅವರ ಬೆನ್ನಿಗೇ ಮಗಳೂ ಹೊರಡುತ್ತಾಳೆ, ಆಮೇಲೆ ಎರಡೂ ಕಡೆಯ ಹಿರಿಯರು ಮಾವಿನ ಮರದ ಕೆಳಗೆ ಕೂತು ನಿಮ್ಮ ಮರ್ಯಾದೆಯನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ನಮ್ಮ ಬೀದಿಯ ಗುಡ್‌ಸನ್ ಒಮ್ಮೆ ಕುಡಿದ ಅಮಲಿನಲ್ಲಿ ಬಾಯಿ ಜಾರಿದ. ಹೆಂಡತಿ ವಾಪಸು ಬರುವ ಹೊತ್ತಿಗೆ ಅವನು ನ್ಶಿಮಾ ಮುದ್ದೆಯನ್ನು ಗಂಟಿಲ್ಲದಂತೆ ತಿರುವುವುದರಲ್ಲಿ ಪಳಗಿಹೋಗಿದ್ದ.

ಹೆಸರಿನ ಮಾತು ಹಾಗಿರಲಿ, ಅತ್ತೆಯವರೂ ನಾನೂ ನೇರವಾಗಿ ಮಾತಾಡುವುದೂ ಇಲ್ಲ. ಮಧ್ಯದಲ್ಲಿ ನನ್ನ ಹೆಂಡತಿ ಫೆಬಿ ಇರಬೇಕು. "ಅಳಿಯಂದಿರಿಗೆ ಹೇಳು, ಕೆಮ್ಮೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ಳಿ ಅಂತ" ಎನ್ನುತ್ತಾರೆ ಅತ್ತೆ, ನನ್ನಿಂದ ಮೂರು ಮೊಳ ದೂರದಲ್ಲಿ ಕೂತು. "ಇಟ್ಕೊಂಡೇ ಕೆಮ್ಮಿದೆ ಅಂತ ಹೇಳು" ಎನ್ನುತ್ತೇನೆ ನಾನು. ಫೆಬಿ ಎರಡನ್ನೂ ಅತ್ತಿಂದಿತ್ತ ಸಾಗಿಸುತ್ತಾಳೆ, ದಾರಿಯಲ್ಲಿ ತನ್ನದೂ ಸ್ವಲ್ಪ ಖಾರ ಬೆರೆಸಿ.

ಈಗ ಹಾಡಿಗೆ ಬರುತ್ತೇನೆ. ವೆಬ್‌ಸ್ಟರ್ ಚಿಪೋಯ ಎಂಬ ಹೆಸರಿನ ನಾನು ಇವತ್ತು ತಾಮ್ರದ ಗಣಿಯಿಂದ ನಿವೃತ್ತನಾದ ಎಲೆಕ್ಟ್ರಿಷಿಯನ್, ಬೆನ್ನುನೋವಿನ ಮನುಷ್ಯ. ಆದರೆ ಎಪ್ಪತ್ತರ ದಶಕದಲ್ಲಿ 'ಒಂಬತ್ತನೇ ಸುರಂಗ' ಎಂಬ ಘನಘೋರ ರಾಕ್ ತಂಡದ ಗಾಯಕ, ಗಿಟಾರ್ ವಾದಕ ಮತ್ತು ಸರ್ವಾಧಿಕಾರಿ. (ಅಂಡರ್‌ಗ್ರೌಂಡ್ ರಾಕ್ ಎಂದು ಈಗಿನವರು ಬಾಯಿ ಚಪ್ಪರಿಸುತ್ತಾರಲ್ಲ, ನಾವು ನಿಜಕ್ಕೂ ನೆಲದ ಕೆಳಗಿನವರು. ಪಾಳಿ ಮುಗಿದ ಮೇಲೆ ಲಿಫ್ಟು ಹತ್ತಿ ಮೇಲೆ ಬಂದು ಹಾಡುತ್ತಿದ್ದೆವು.) ಗಿಡಿಯನ್ ಡ್ರಮ್ಮು ಬಾರಿಸುತ್ತಿದ್ದ; ಇನ್ನಿಬ್ಬರು ಉಳಿದದ್ದನ್ನು ನೋಡಿಕೊಳ್ಳುತ್ತಿದ್ದರು. ನನ್ನ ಪ್ಯಾಂಟಿನ ಕಾಲು ಎಷ್ಟು ಅಗಲವೆಂದರೆ ನಾನು ನಿಂತ ಮೇಲೂ ಅದು ಸ್ವಲ್ಪ ಹೊತ್ತು ನಡೆಯುತ್ತಿತ್ತು. ಬೂಟಿನ ಹಿಮ್ಮಡಿ ಒಂದು ಇಟ್ಟಿಗೆಯಷ್ಟು ಎತ್ತರ.

ಗಣಿಯ ಸಂಬಳ ಕೂಡಿಹಾಕಿ ಒಂದೇ ಒಂದು ಆಲ್ಬಮ್ ಮಾಡಿದೆವು. ನೂರು ಪ್ರತಿ, ಅಷ್ಟೇ ನಮ್ಮ ಶಕ್ತಿ. ಮುಖ್ಯ ಹಾಡಿನ ಪಲ್ಲವಿಗೆ ಒಂದು ಹೆಸರು ಬೇಕಿತ್ತು. ಮಾರ್ಕೆಟ್ಟಿನಲ್ಲಿ ನಿಂತಿದ್ದಾಗ ಯಾರೋ ಯಾವಳೋ ಹೆಂಗಸನ್ನು ಕೂಗಿದ್ದು ಕಿವಿಗೆ ಬಿತ್ತು. ಅದು ತಾಳಕ್ಕೆ ಸರಿಯಾಗಿ ಕೂತಿತು. ಹಾಡಿನ ತುಂಬ ಆ ಹೆಸರನ್ನೇ ಅರಚಿದ್ದೇನೆ. ಮಧ್ಯೆ ಸ್ವಲ್ಪ ಗಿಟಾರ್ ಇದೆ, ಆಮೇಲೆ ಮತ್ತೆ ಹೆಸರು.

ಕಿಟ್ವೆಯ ಒಂದು ಅಂಗಡಿಯಲ್ಲಿ ಇಟ್ಟ ಒಂದೇ ವಾರದಲ್ಲಿ ಅಷ್ಟೂ ಖರ್ಚಾಗಿಹೋಯಿತು. ನನಗೇ ಒಂದು ಪ್ರತಿ ಉಳಿಯಲಿಲ್ಲ! ಈ ಮಾತನ್ನು ನಾನು ಅಂದಿನಿಂದ ಇಂದಿನವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆ ಜಯಭೇರಿಯ ಅಲೆಯಲ್ಲೇ ತೇಲಿಕೊಂಡು ಹೋಗಿ ಫೆಬಿಯನ್ನು ಪ್ರೀತಿಸಿದೆ. ಮದುವೆಯ ಮಧ್ಯಸ್ಥ ಅವಳ ಮನೆಗೆ ಹೋದ. ಎಂಥ ಕಟ್ಟುನಿಟ್ಟಿನ ಮನೆ! ಆದರೂ ಆ ತಾಯಿ ನನ್ನಂಥ ಉದ್ದಕೂದಲಿನವನನ್ನು ಎರಡು ಮಾತಿಲ್ಲದೆ ಒಪ್ಪಿದರು ಎಂದ. ನನ್ನ ವ್ಯಕ್ತಿತ್ವದ ಸೆಳೆತವೇ ಅಂಥದ್ದು ಎಂದುಕೊಂಡೆ. ಆಮೇಲೆ ಅವನು ಆ ತಾಯಿಯ ಹೆಸರು ಹೇಳಿದ.

ನಾನು ಕೂತಿದ್ದ ಕುರ್ಚಿಯಿಂದ ಕೆಳಗೆ ಜಾರಿದೆ.

ಅದೇ ಹೆಸರು. ಪಲ್ಲವಿಯಲ್ಲಿರುವ ಅದೇ ಹೆಸರು! ಆ ದಿನದಿಂದ ಆ ಹಾಡನ್ನು ಹಾಡಲಿಲ್ಲ. ಅದಿಲ್ಲದೆ ನಮ್ಮ ತಂಡವನ್ನು ಯಾರೂ ಕರೆಯಲಿಲ್ಲ. ಒಂಬತ್ತನೇ ಸುರಂಗ ಮುಚ್ಚಿಹೋಯಿತು. ಫೆಬಿಗೆ ಮಾತ್ರ, ಆಲ್ಬಮ್ಮಿನ ಹೆಸರು ಏನೋ 'ಗಾಳಿ ಗೀಳಿ' ಅಂತ ಇತ್ತು ಎಂದು ಹೇಳಿ ಪಾರಾದೆ. ಆ ಹಾಡು ಊರಲ್ಲಿ ಮೊಳಗುತ್ತಿದ್ದಾಗ ಅವಳು ದೂರದ ಹಾಸ್ಟೆಲಿನಲ್ಲಿದ್ದಳು; ಹೆಚ್ಚು ಕೇಳಲೂ ಇಲ್ಲ. ನನ್ನ ಪ್ಯಾಂಟಿನ ಒಂದೊಂದು ಕಾಲಿನಿಂದ ಎರಡೆರಡು ದಿಂಬಿನ ಚೀಲ ಹೊಲಿದಳು. ಬೂಟು ಇವತ್ತಿಗೂ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದ ಹಾಗೆ ತಡೆದು ನಿಂತಿದೆ.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಮೊದಲು ಮಗನ ಮನೆಗೆ, ಅಲ್ಲಿಂದ ತಂಗಿಯ ಮನೆಗೆ, ಕೊನೆಗೆ ನಮ್ಮ ಮನೆಗೆ ಬಂದರು. ಪ್ರತಿಸಲವೂ ಅವರ ತಗಡಿನ ಪೆಟ್ಟಿಗೆಯನ್ನು ಹೊತ್ತವನು ನಾನು. "ಇದರಲ್ಲೇನು ಗಣಿಯ ಕಲ್ಲು ತುಂಬಿದಾರಾ?" ಎಂದು ಕೇಳಿದ್ದಕ್ಕೆ ಫೆಬಿ, "ಅಮ್ಮನ ಸಾಮಾನು. ಗಂಡಸರು ಕೇಳೋ ವಿಷ್ಯ ಅಲ್ಲ" ಎಂದಿದ್ದಳು. ನನ್ನ ಬೆನ್ನುನೋವಿನ ಇತಿಹಾಸ ಅಲ್ಲಿಂದ ಆರಂಭ.

ಹೀಗೆ ಬದುಕು ನಡೆದಿರುವಾಗ, ಹೋದ ವರ್ಷ ಒಂದು ಫೋನು ಬಂತು. ಡೆನ್ಮಾರ್ಕಿನ ಟೋರ್ಬೆನ್ ಎಂಬಾತ. ನಮ್ಮ ಕಾಲದ, ಜನ ಮರೆತ ರಾಕ್ ಆಲ್ಬಮ್‌ಗಳನ್ನು ಹುಡುಕಿ ಮತ್ತೆ ಅಚ್ಚು ಹಾಕಿಸುವುದು ಅವನ ಕಸುಬಂತೆ. ನಮ್ಮದು ಒಂದು ಪ್ರತಿ ಸಿಕ್ಕಿದೆಯಂತೆ, ನನ್ನನ್ನು ನೋಡಲು ಬರುತ್ತಾನಂತೆ. "ಮಿಸ್ಟರ್ ಚಿಪೋಯ, ನೀವು ಬದುಕಿದೀರಾ?" ಎಂದು ಅವನು ಎಷ್ಟು ಸಂತೋಷದಿಂದ ಕೇಳಿದನೆಂದರೆ, ನಾನು ಬದುಕಿರುವುದು ಈ ಮನೆಯಲ್ಲಿ ಯಾರಿಗೂ ಅಷ್ಟು ಸಂತೋಷ ಕೊಟ್ಟದ್ದಿಲ್ಲ. ಕಣ್ಣು ತುಂಬಿತು. ತಂಡದ ಉಳಿದ ಮೂವರೂ ಮಣ್ಣಾಗಿದ್ದಾರೆ. ಅವರ ಪಾಲಿನ ಕೀರ್ತಿಯನ್ನೂ ನಾನೇ ಹೊರಬೇಕಲ್ಲ ಎಂದುಕೊಂಡೆ. ಮರುಕ್ಷಣವೇ ಪಲ್ಲವಿ ನೆನಪಾಯಿತು. ಕೀರ್ತಿ ಬೇಕು, ಹಾಡು ಮಾತ್ರ ಯಾರಿಗೂ ಕೇಳಿಸಬಾರದು! ಇಂಥ ಇಕ್ಕಟ್ಟು ಯಾವ ಕಲಾವಿದನಿಗೆ ಬಂದೀತು?

"ಏನ್ರೀ, ನಿಮ್ ಹಾಡು ಕೇಳಕ್ಕೆ ಡೆನ್ಮಾರ್ಕಿಂದ ಬರ್ತಾನಾ? ಪಾಪ, ಅವ್ನಿಗೆ ಮನೇಲಿ ಯಾರೂ ಇಲ್ವಾ?" ಎಂದಳು ಫೆಬಿ.

"ಅವನನ್ನ ಹೋಟೆಲಿನಲ್ಲೇ ಭೇಟಿ ಮಾಡ್ತೀನಿ ಕಣೆ. ನಿನಗ್ಯಾಕೆ ಸುಮ್ನೆ ತೊಂದ್ರೆ."

"ಹೋಟೆಲಲ್ಲಿ? ಅಷ್ಟು ದೂರದಿಂದ ಬಂದವ್ನು ನಮ್ಮನೇಲಿ ಒಂದು ತುತ್ತು ತಿನ್ದೆ ಹೋದ ಅಂತಾದ್ರೆ, ಚರ್ಚಲ್ಲಿ ಆ ಬಾಯಿಬಡುಕಿ ಲವ್‌ನೆಸ್ ಮುಂದೆ ನಾನು ಮುಖ ಎತ್ಕೊಂಡು ಕೂತ್ಕೊಳ್ಳೋದು ಬೇಡ್ವಾ? ಮನೆಗೇ ಬರ್ಲಿ. ಕೋಳಿ ಕುಯ್ಸಿ."

ಸರಿ, ಅತ್ತೆಯವರನ್ನೇ ಆ ದಿನ ಎಂಡೋಲಾದಲ್ಲಿರುವ ನಮ್ಮ ಮಗ ಸಂಪಾನ ಮನೆಗೆ ಸಾಗಹಾಕೋಣವೆಂದು ಹೊಂಚು ಹಾಕಿದೆ. "ಮರಿಮಕ್ಕಳನ್ನ ನೋಡಿ ತುಂಬಾ ದಿನ ಆಯ್ತಲ್ಲ, ಅಮ್ಮನಿಗೆ ಹೇಳು" ಎಂದೆ, ಸಾಧ್ಯವಾದಷ್ಟು ಜೇನು ಸುರಿಸಿ.

ಅತ್ತೆ ಕಡಲೆಕಾಯಿ ಸುಲಿಯುತ್ತ, "ಅಳಿಯಂದಿರಿಗೆ ಹೇಳು, ಬಸ್ಸಲ್ಲಿ ನಂಗೆ ತಲೆ ತಿರುಗುತ್ತೆ" ಎಂದರು. ಹಿಂದಿನ ವಾರವಷ್ಟೇ ಅದೇ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳವಾಡಿಕೊಂಡು ಹೋಗಿ ಬಂದಿದ್ದರು. ಆಗ ತಲೆ ತಿರುಗಿದ್ದು ಕಂಡಕ್ಟರನಿಗೆ.

ನನಗೆ ಉಳಿದಿದ್ದ ಒಂದೇ ಆಸರೆ ಅತ್ತೆಯವರ ಕಿವಿ. ಅದು ಮಂದವಾಗಿದೆ ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿದ ವಿಷಯ. ಮೂರು ದಿನ ಅದನ್ನು ಪರೀಕ್ಷಿಸಿದೆ. ಅವರ ಬಾಗಿಲ ಬಳಿ ತಟ್ಟೆ ಬೀಳಿಸಿದೆ, ಅಲುಗಲಿಲ್ಲ. ಸೀನಿದೆ, ಅಲುಗಲಿಲ್ಲ. ಅಡುಗೆಮನೆಯಲ್ಲಿ ಫೆಬಿಯ ಕಿವಿಯಲ್ಲಿ "ಕೋಳಿಯ ತೊಡೆ ನನಗಿರಲಿ" ಎಂದು ಪಿಸುಗುಟ್ಟಿದೆ. "ಅಳಿಯಂದಿರಿಗೆ ಹೇಳು, ತೊಡೆ ಅತಿಥಿಗೆ!" ಎಂದು ಹಿಂದಿನ ಕೋಣೆಯಿಂದ ಕೂಗು ಬಂತು. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಟೋರ್ಬೆನ್ ಬಂದೇ ಬಿಟ್ಟ. ಕೆಂಚು ಗಡ್ಡ, ಬೆನ್ನ ಮೇಲೊಂದು ದೊಡ್ಡ ಚೀಲ. ನ್ಶಿಮಾವನ್ನು ಕೈಯಲ್ಲೇ ಉಂಡೆ ಕಟ್ಟಿ, ಕಡಲೆಪುಡಿ ಹಾಕಿ ಬೇಯಿಸಿದ ಕುಂಬಳದ ಸೊಪ್ಪಿನಲ್ಲಿ ಅದ್ದಿ ತಿಂದ. ಫೆಬಿಗೆ ಅವನ ಮೇಲೆ ಅಲ್ಲೇ ಅಭಿಮಾನ ಹುಟ್ಟಿತು. ಕೈ ತೊಳೆದು ಚೀಲದಿಂದ ರೆಕಾರ್ಡು ತೆಗೆದ. ಹೊದಿಕೆ ಇಲ್ಲ, ಮಧ್ಯದ ಚೀಟಿಯಲ್ಲಿ ನನ್ನ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಸವೆದುಹೋಗಿದೆ. ಮುಫುಲಿರಾದ ಒಬ್ಬ ದರ್ಜಿ ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಚರ್ಚಿನ ಹೆಂಗಸರ ಗುಂಡು ಟೋಪಿ ಕತ್ತರಿಸುತ್ತಿದ್ದನಂತೆ. ಅಂದರೆ ನನ್ನ ಸಂಗೀತ ಇಷ್ಟು ವರ್ಷ ಭಕ್ತೆಯರ ತಲೆಯ ಮೇಲೆ ಮೆರೆದಿದೆ.

"ಒಂದೇ ಒಂದು ತೊಂದರೆ, ಮಿಸ್ಟರ್ ಚಿಪೋಯ" ಎಂದ ಟೋರ್ಬೆನ್. "ಪಲ್ಲವೀಲಿ ಒಂದೇ ಪದ ಕೂಗ್ತೀರಿ. ಗೀಚು ಬಿದ್ದಿರೋದ್ರಿಂದ ನನಗೆ ಸರಿಯಾಗಿ ತಿಳೀತಿಲ್ಲ. ಆಲ್ಬಮ್ಮಿಗೆ ಅದೇ ಹೆಸರು ಇಡಬೇಕು. ಹಾಡಿನ ಹೆಸರು ಏನು, ಹೇಳಿ."

ಹಿಂದಿನ ಕೋಣೆಯ ಪರದೆ ನೋಡಿದೆ. ಫೆಬಿ ಟೀ ಮಾಡಲು ಹೋಗಿದ್ದಳು.

"ಆ... ಆಡು" ಎಂದೆ.

"ಹೌದು, ಹಾಡು. ಅದರ ಹೆಸರು?"

"ಹಾಡಲ್ಲ, ಆಡು! ಮ್ಯಾ ಮ್ಯಾ ಅನ್ನುತ್ತಲ್ಲ, ಆಡು. ನಮ್ಮ ಮನೇಲಿ ಒಂದು ಆಡು ಇತ್ತು. ಅದರ ಹೆಸರು ಅದು." (ಒಂದು ಸುಳ್ಳು ಹೇಳಿದ ಮೇಲೆ ಸುಮ್ಮನಿರುವುದು ಜಾಣತನ. ನಾನು ಸುಮ್ಮನಿರಲಿಲ್ಲ.) "ತುಂಬಾ ಹಟಮಾರಿ ಆಡು. ಕಂಡವರಿಗೆಲ್ಲ ಕೊಂಬಲ್ಲಿ ಹಾಯೋದು. ಮುದಿಯಾದ ಮೇಲಂತೂ ಕೇಳಲೇಬೇಡಿ."

"ಅದ್ಭುತ!" ಎಂದು ಅವನು ಕುರ್ಚಿಯ ಅಂಚಿಗೆ ಬಂದ. "ಆಡಿನ ಮೇಲೆ ರಾಕ್ ಹಾಡು! ಆ ಆಡಿನ ಹೆಸರು?"

"ನೆನಪಿಲ್ಲ."

"ಹಾಡು ಕೇಳಿದರೆ ನೆನಪಾಗುತ್ತೆ ಬಿಡಿ" ಎಂದವನೇ ಚೀಲದಿಂದ ಪುಟ್ಟ ಗ್ರಾಮಫೋನೊಂದನ್ನು ತೆಗೆದು ಮೇಜಿನ ಮೇಲಿಟ್ಟ. ನಾನು "ಬೇಡ, ಬೇಡ, ಕರೆಂಟಿಲ್ಲ" ಎಂದೆ. "ಬ್ಯಾಟರಿ ಇದೆ" ಎಂದ.

ಮುಳ್ಳು ಇಳಿಯಿತು. ಮೊದಲು ಕರಕರ ಸದ್ದು. ಆಮೇಲೆ ಗಿಡಿಯನ್ನನ ಗಂಟಲು: ಒಂದು, ಎರಡು, ಮೂರು. ಅವನು ಸತ್ತು ಎಷ್ಟೋ ವರ್ಷವಾಗಿದೆ; ಆ ಎಣಿಕೆ ಕೇಳಿ ನನಗೆ ದುಃಖ ಒತ್ತರಿಸಿ ಬಂತು. ಎಷ್ಟು ಚೆನ್ನಾಗಿ ನುಡಿಸುತ್ತಿದ್ದೆವಪ್ಪ! ಆ ಗಿಟಾರಿನ ಗುರುಗುರು ನನ್ನದೇ. ಹೆದರಿಕೆ ಅರ್ಧ ನಿಮಿಷ ಮರೆತೇಹೋಯಿತು. ಅಷ್ಟರಲ್ಲಿ ಇಪ್ಪತ್ತರ ಹರೆಯದ ವೆಬ್‌ಸ್ಟರ್ ಚಿಪೋಯ, ಇನ್ನೂ ಮದುವೆಯಾಗದ ಆ ಸ್ವತಂತ್ರ ಮೂರ್ಖ, ಮನೆಯ ತಗಡಿನ ಮಾಡು ಅದುರುವಂತೆ ಅತ್ತೆಯವರ ಹೆಸರನ್ನು ಕೂಗಿದ. ಮತ್ತೆ ಕೂಗಿದ. ಎಳೆದು, ತಿರುಚಿ, ಮೇಲಕ್ಕೆಸೆದು, ಕೆಳಗೆ ಹಿಡಿದು ಕೂಗಿದ.

ಟೀ ತಟ್ಟೆ ಹಿಡಿದು ಬಂದ ಫೆಬಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಹಾಡು."

"ಹಾಡು ಅಂತ ಗೊತ್ತು. ಯಾರ ಹೆಸರ್ರೀ ಅದು?"

ನಾನು ಉತ್ತರ ಹುಡುಕುವುದರೊಳಗೆ ಟೋರ್ಬೆನ್ ಸಹಾಯಕ್ಕೆ ಬಂದ. (ದೇವರು ಅವನಿಗೆ ಒಳ್ಳೆಯದು ಮಾಡಲಿ.) "ನಿಮ್ಮ ಮನೆಯ ಆಡಿನ ಹೆಸರಂತೆ, ಮೇಡಂ. ತುಂಬಾ ಹಟಮಾರಿ ಆಡಂತೆ. ಮುದಿಯಾದ ಮೇಲಂತೂ ಕೇಳಲೇಬಾರದಂತೆ."

ಪರದೆ ಸರಿಯಿತು.

ಅತ್ತೆಯವರು ಬಂದರು. ನಾನು ಪದ್ಧತಿಯಂತೆ ಕುರ್ಚಿ ಬಿಟ್ಟು ನೆಲಕ್ಕಿಳಿದೆ. (ಪದ್ಧತಿ ಇಲ್ಲದಿದ್ದರೂ ಇಳಿಯುತ್ತಿದ್ದೆ.) ಅವರು ಚಾಪೆಯ ಮೇಲೆ ನನಗೆ ಪಕ್ಕೆ ಕೊಟ್ಟು, ಗೋಡೆಯತ್ತ ಮುಖ ಮಾಡಿ, ನಿಧಾನವಾಗಿ ಕೂತು ಸೆರಗಿನಂತೆ ಹೊದ್ದ ಬಟ್ಟೆಯನ್ನು ಸರಿಮಾಡಿಕೊಂಡರು. ಹಾಡು ಮುಗಿಯುವವರೆಗೂ ಕಾದರು. ಅದು ಮುಗಿಯುವಂತೆಯೇ ಕಾಣಲಿಲ್ಲ.

"ಅಳಿಯಂದಿರನ್ನ ಕೇಳು" ಎಂದರು ಕೊನೆಗೆ. "ಆ ಆಡಿಗೆ ಕೊಂಬಿತ್ತಾ?"

"ಅಮ್ಮ ಕೇಳ್ತಿದಾರೆ, ಕೊಂಬಿತ್ತಾ ಅಂತ" ಎಂದಳು ಫೆಬಿ.

"ಇರ್ಲಿಲ್ಲ ಅಂತ ಹೇಳು."

"ಕೊಂಬಲ್ಲಿ ಹಾಯ್ತಿತ್ತು ಅಂದಿರಲ್ಲ?" ಎಂದ ಟೋರ್ಬೆನ್. ಅವನು ನನ್ನ ಒಂದು ಮಾತನ್ನೂ ಮರೆತಿರಲಿಲ್ಲ.

"ಆಡೂ ಇರ್ಲಿಲ್ಲ ಅಂತ ಹೇಳೆ ಮಾರಾಯ್ತಿ!" ಎಂದು ನಾನು ಗೋಗರೆದೆ. "ಇದು ಮದುವೆಗೆ ಮುಂಚಿನ ಹಾಡು ಅಂತ ಹೇಳು. ಅಮ್ಮನ ಹೆಸರು ಆಗ ನಂಗೆ ಗೊತ್ತೇ ಇರ್ಲಿಲ್ಲ. ಮಾರ್ಕೆಟ್ನಲ್ಲಿ ಯಾರೋ ಯಾರನ್ನೋ ಕೂಗಿದ್ರು, ಅದನ್ನ ಹಾಡಿಗೆ ಹಾಕ್ದೆ, ಅಷ್ಟೇ. ಆಮೇಲೆ ಯಾರಿಗೂ ಸಿಗ್ಲೂ ಇಲ್ಲ. ಒಂದೇ ವಾರದಲ್ಲಿ ಅಷ್ಟೂ ಮಾರಾಟ ಆಗೋಯ್ತು." (ಆ ಸಂಕಟದಲ್ಲೂ ಕೊನೆಯ ಮಾತನ್ನು ಟೋರ್ಬೆನ್ನನ ಕಡೆ ತಿರುಗಿ ಹೇಳಿದೆ.)

ಅತ್ತೆಯವರ ಭುಜ ಕುಲುಕಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಯಾರು ಕೊಂಡ್ರಂತೆ, ಕೇಳು."

"ಅಭಿಮಾನಿಗಳು ಅಂತ ಹೇಳು."

"ಅಳಿಯಂದಿರು ಒಳಗೆ ಹೋಗಿ ನನ್ನ ಪೆಟ್ಟಿಗೆ ತರ್ಲಿ ಅಂತ ಹೇಳು."

ತಂದೆ. ನಾಲ್ಕನೆಯ ಸಲ ಆ ಪೆಟ್ಟಿಗೆ ಹೊತ್ತೆ. ಬೆನ್ನಿನಲ್ಲಿ ಎಂದಿನ ಜಾಗದಲ್ಲೇ ಛಳುಕು ಹೊಡೆಯಿತು. ಅತ್ತೆ ಸೊಂಟದ ಗಂಟಿನಿಂದ ಕೀಲಿ ತೆಗೆದರು. ಮೇಲೆ ಎರಡು ಮಡಿ ಬಟ್ಟೆ, ನುಸಿಗುಳಿಗೆಯ ವಾಸನೆ. ಬಟ್ಟೆ ಎತ್ತಿದರೆ ನಾನು, ನಮ್ಮ ರೆಕಾರ್ಡಿನ ಹೊದಿಕೆಯ ಮೇಲೆ! ಅಗಲ ಪ್ಯಾಂಟು, ಇಟ್ಟಿಗೆ ಬೂಟು, ಪಕ್ಕದಲ್ಲಿ ನಗುತ್ತಿರುವ ಗಿಡಿಯನ್. ನನ್ನ ಕೆಳಗೆ ಇನ್ನೊಬ್ಬ ನಾನು. ಅವನ ಕೆಳಗೆ ಮತ್ತೊಬ್ಬ. ಪೆಟ್ಟಿಗೆಯ ತಳದವರೆಗೂ ನಾನೇ.

ಟೋರ್ಬೆನ್ ಅವನ ಭಾಷೆಯಲ್ಲಿ ಏನೋ ಅಂದು ಮೊಣಕಾಲೂರಿದ. ನಾನು ನನ್ನನ್ನೇ ಒಂದೊಂದಾಗಿ ಎಣಿಸತೊಡಗಿದೆ. ಅತ್ತೆಯವರು ಎಣಿಸಲು ಬಿಡಲಿಲ್ಲ.

"ಅಳಿಯಂದಿರಿಗೆ ಹೇಳು. ಮಾರ್ಕೆಟ್ನಲ್ಲಿ ಆ ಹೆಸರಿನವ್ಳು ನಾನೊಬ್ಳೇ ಇದ್ದೆ. ಒಣಮೀನು ಮಾರ್ತಿದ್ದೆ. ಎದುರಿನ ಅಂಗಡಿಯೋನು ಈ ಹಾಡನ್ನ ಬೆಳಗ್ಗೆಯಿಂದ ಸಂಜೇತನಕ ಹಾಕೋನು. ನನ್ನೇ ಯಾರೋ ಕರೀತಿದಾರೆ ಅಂತ ನಾನು 'ಓ' ಅನ್ನೋದು, ಎದ್ದು ನಿಲ್ಲೋದು. ಇಡೀ ಮಾರ್ಕೆಟ್ಟು ನಗೋದು. ಇನ್ನೇನು ಮಾಡ್ಲಿ? ಅಂಗಡೀಲಿದ್ದಷ್ಟನ್ನೂ ನಾನೇ ಕೊಂಡ್ಕೊಂಡೆ. ಒಂದು ಮಾತ್ರ ಆ ಅಂಗಡಿಯೋನು ಅವ್ನ ತಮ್ಮ ದರ್ಜಿಗೆ ಕೊಟ್ಟುಬಿಟ್ಟಿದ್ದ."

"ಒಡೆದು ಹಾಕಬಹುದಿತ್ತಲ್ಲಮ್ಮಾ!" ಎಂದಳು ಫೆಬಿ.

"ಅದರಲ್ಲಿ ನನ್ನ ಹೆಸರಿದೆಯಲ್ಲೇ. ತನ್ನ ಹೆಸರನ್ನ ತಾನೇ ಯಾರಾದ್ರೂ ಒಡೀತಾರಾ?"

ನನ್ನ ಜಯಭೇರಿ ಅಲ್ಲಿಗೆ ಹರಿಯಿತು. ಒಂಬತ್ತನೇ ಸುರಂಗಕ್ಕೆ ಇದ್ದದ್ದು ಒಬ್ಬಳೇ ಅಭಿಮಾನಿ, ಅವಳೂ ಬಾಯಿ ಮುಚ್ಚಿಸಲು ಕೊಂಡವಳು. ಆದರೂ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. "ಅಷ್ಟೆಲ್ಲ ಕೋಪ ಇದ್ರೂ, ಮಧ್ಯಸ್ಥ ಬಂದಾಗ ಎರಡು ಮಾತಿಲ್ಲದೆ ನನ್ನನ್ನೇ ಒಪ್ಪಿದ್ರಲ್ಲ, ಯಾಕೆ ಅಂತ ಕೇಳು" ಎಂದೆ, ಸ್ವಲ್ಪ ಎದೆಯುಬ್ಬಿಸಿ.

ಫೆಬಿಯೂ ಕುತೂಹಲದಿಂದ ಮುಂದೆ ಬಾಗಿದಳು.

"ರೆಕಾರ್ಡೇನೋ ಕೊಂಡ್ಕೊಂಡೆ. ಆದ್ರೆ ಆ ಬಾಯಿ ಹೊರಗೇ ಇತ್ತಲ್ಲ" ಎಂದರು ಅತ್ತೆಯವರು. "ಭಾನುವಾರ ಬಾರಿನ ಮುಂದೆ ನಿಂತು ಮತ್ತೆ ಅದನ್ನೇ ಕೂಗೋದು. ಆಮೇಲೆ ಮಧ್ಯಸ್ಥ ಬಂದ. ಯಾರಪ್ಪ ಹುಡುಗ ಅಂದೆ. ಅದೇ ಬೂಟಿನೋನು ಅಂದ! ಅಳಿಯ ಆದ ಅಂದ್ರೆ ಸಾಯೋತನಕ ಆ ಹೆಸರು ಬಾಯಿಗೆ ಬರೋ ಹಾಗಿಲ್ಲ. ತಕ್ಷಣ ಒಪ್ಕೊಂಡೆ."



"ನನ್ನನ್ನ ಕೊಟ್ಟಿದ್ದು ಅದಕ್ಕಾ?" ಎಂದು ಫೆಬಿ ಕೀಚಲು ದನಿಯಲ್ಲಿ ಕೂಗಿದಳು. ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು, ಒಂದು ಇಡೀ ಸಂಸಾರ, ಎಲ್ಲವೂ ಒಂದು ಪಲ್ಲವಿಯನ್ನು ನಿಲ್ಲಿಸಲು! ಅವಳು ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಪೆಟ್ಟಿಗೆಯಲ್ಲಿದ್ದ ನನ್ನ ಪ್ಯಾಂಟನ್ನು ನೋಡಿದಳು. ಆಮೇಲೆ ಟೀ ತಟ್ಟೆ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ತಾಯಿಯೂ ಮಗಳೂ ಒಬ್ಬರ ಮೇಲೊಬ್ಬರು ಒರಗಿ ನಕ್ಕರು. ಯಾರೂ ಗಂಟುಮೂಟೆ ಕಟ್ಟುವುದಿಲ್ಲ ಎಂದು ಸಮಾಧಾನವಾಯಿತು. ಅದಕ್ಕಿಂತ ಕಟ್ಟಿದ್ದರೇ ವಾಸಿಯಿತ್ತೇನೋ ಎಂದೂ ಅನ್ನಿಸಿತು.

"ಅಮ್ಮಾ, ಹಾಡು ಹೇಗಿದೆ ಅಂತನಾದ್ರೂ ಹೇಳು, ಪಾಪ" ಎಂದಳು ಫೆಬಿ ಕಣ್ಣೊರೆಸಿಕೊಳ್ಳುತ್ತ.

ಅತ್ತೆಯವರು ಒಂದು ರೆಕಾರ್ಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಡ್ರಮ್ಮು ಚೆನ್ನಾಗಿದೆ" ಎಂದರು.

ಅಲ್ಲಿಂದ ಮುಂದೆ ಟೋರ್ಬೆನ್ ಕುರ್ಚಿಯನ್ನು ಪೂರ್ತಿ ಅತ್ತೆಯವರ ಕಡೆ ತಿರುಗಿಸಿಕೊಂಡ. ನನಗೆ ಬರೀ ಅವನ ಬೆನ್ನು. ಗೀಚಿಲ್ಲದ, ಹೊಸದರಂತಿರುವ ಅಷ್ಟೊಂದು ರೆಕಾರ್ಡುಗಳನ್ನು ಜೋಪಾನ ಮಾಡಿದ ಮಹಾತಾಯಿ ಎಂದು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಡಿನ ಹೆಸರನ್ನು ಅವರ ಬಾಯಿಂದಲೇ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡ. ಮುಖಪುಟಕ್ಕೆಂದು ಫೋಟೋ ತೆಗೆದ. ಅತ್ತೆಯವರು ಪೆಟ್ಟಿಗೆಯ ಮೇಲೆ ಕೂತು, ಮಡಿಲಲ್ಲಿ ನನ್ನ ರೆಕಾರ್ಡು. ಅಳಿಯನಾದವನು ಅತ್ತೆಯ ಮಗ್ಗುಲಲ್ಲಿ ನಿಲ್ಲುವಂತಿಲ್ಲವಲ್ಲ, ಹಾಗಾಗಿ ನನ್ನನ್ನು ಬಾಗಿಲಾಚೆ ನಿಲ್ಲಿಸಿದ. ಚೆನ್ನಾಗಿ ಹುಡುಕಿದರೆ ಎಡಗಡೆ ನನ್ನ ಮೊಣಕೈ ಕಾಣುತ್ತದೆ.

ಆಲ್ಬಮ್ ಬಂದಿದೆ. ನಮ್ಮೂರಿನ ರೇಡಿಯೋದಲ್ಲಿ ದಿನಕ್ಕೆಷ್ಟು ಸಲ ಹಾಕುತ್ತಾರೋ ಲೆಕ್ಕವಿಲ್ಲ. ನಾನು ಕೊನೆಗೂ ಪ್ರಸಿದ್ಧನಾದೆ. ಆದರೆ ಹಾಡುಗಾರನನ್ನು ಅವನ ಹಾಡಿನ ಹೆಸರಿನಿಂದ ಕರೆಯುವುದು ನಮ್ಮ ಜನಕ್ಕೆ ಅಭ್ಯಾಸ. ವೆಬ್‌ಸ್ಟರ್ ಚಿಪೋಯ ಎಂಬ ಹೆಸರನ್ನು ಬೀದಿಯೇ ಮರೆತಿದೆ. ಬಸ್ಸಿನಲ್ಲಿ, ಬಾರಿನಲ್ಲಿ, ಚರ್ಚಿನ ಅಂಗಳದಲ್ಲಿ ಎಲ್ಲರೂ ನನ್ನನ್ನು ಅತ್ತೆಯವರ ಹೆಸರು ಹಿಡಿದೇ ಕೂಗುತ್ತಾರೆ. ಆ ಹೆಸರನ್ನು ನಾನು ಹೇಳಬಾರದು, ಸರಿ. ಅದಕ್ಕೆ ಓಗೊಡಬಹುದೇ ಎಂದು ಹಿರಿಯರನ್ನು ಕೇಳಿದೆ. ಅವರು ಇನ್ನೂ ನಗುತ್ತಲೇ ಇದ್ದಾರೆ, ತೀರ್ಪು ಬಂದಿಲ್ಲ.

ಹಾಗಾಗಿ ಗೇಟಿನ ಬಳಿ ಯಾರಾದರೂ ನಿಂತು ಆ ಹೆಸರು ಕೂಗಿ "ಮನೇಲಿದೀರಾ?" ಎಂದರೆ ನಾನು ತುಟಿ ಬಿಗಿದುಕೊಂಡು ಕೂರುತ್ತೇನೆ. ಹಿಂದಿನ ಕೋಣೆಯಿಂದ ಗಟ್ಟಿಯಾಗಿ ದನಿ ಬರುತ್ತದೆ.

"ಓ, ಇದೀನಿ! ಫೆಬೀ, ಅಳಿಯಂದಿರಿಗೆ ಹೇಳು, ನನ್ನ ನೋಡಕ್ಕೆ ಯಾರೋ ಬಂದಿದಾರೆ, ಹೋಗಿ ಗೇಟು ತೆಗೀಲಿ ಅಂತ."

ನಾನು ಹೋಗಿ ತೆಗೆಯುತ್ತೇನೆ.